ಲಕ್ಸೆಂಬರ್ಗ್‌ನ ಬಾಹ್ಯಾಕಾಶ ಉದ್ಯಮ: ಕೊಡಗಿಗಿಂತ ಚಿಕ್ಕ ದೇಶದಲ್ಲಿ ಬೆಳೆಯಲು ಜಾಗವಿದೆಯೇ?

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ಉಪಗ್ರಹದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಕಂಪನ ಪರೀಕ್ಷೆ, ನಿರ್ವಾತ ಕೋಣೆಯಲ್ಲಿ ಬಿಸಿ ಮತ್ತು ಚಳಿಯ ಪರೀಕ್ಷೆ, ಆಮೇಲೆ ವರದಿ. ಕೆಲಸ ಇಷ್ಟವಾಗಿದೆ. ಆದರೆ ಪರೀಕ್ಷೆ ಮುಗಿಸಿ ಕಳುಹಿಸಿದ ಪೆಟ್ಟಿಗೆ ಕಕ್ಷೆಯಲ್ಲಿ ಹೇಗೆ ನಡೆದುಕೊಂಡಿತು ಎಂಬುದು ನಮ್ಮವರೆಗೆ ಬರುವುದೇ ಇಲ್ಲ.

ಲಕ್ಸೆಂಬರ್ಗ್ ವಿಶ್ವವಿದ್ಯಾಲಯದಲ್ಲಿ 2019ರಿಂದ ಎರಡು ವರ್ಷಗಳ ಬಾಹ್ಯಾಕಾಶ ಸ್ನಾತಕೋತ್ತರ ಪದವಿ ನಡೆಯುತ್ತಿದೆ. ಅದಕ್ಕೆ ಅರ್ಜಿ ಹಾಕುವ ಆಲೋಚನೆಯಿದೆ. ಅಪ್ಪ ಮಾತ್ರ ಒಪ್ಪುತ್ತಿಲ್ಲ. "ಕೊಡಗಿಗಿಂತ ಚಿಕ್ಕ ದೇಶ. ರಾಕೆಟ್ ಹಾರಿಸುವುದಿಲ್ಲ, ಉಡಾವಣಾ ಕೇಂದ್ರವಿಲ್ಲ. ಇಸ್ರೋ ಇರುವ ಊರನ್ನು ಬಿಟ್ಟು ಅಲ್ಲಿ ಹೋಗಿ ಏನು ಕಲಿಯುತ್ತೀಯ? ಹತ್ತು ವರ್ಷದ ಮೇಲೆ ಎಲ್ಲಿರುತ್ತೀಯ?" ಎಂದು ಕೇಳುತ್ತಾರೆ. ನನ್ನ ಬಳಿ ಉತ್ತರವಿಲ್ಲ. ಅಲ್ಲಿ ಇದ್ದವರು, ಇರುವವರು, ಹೋಗಿ ಬಂದವರು ದಯವಿಟ್ಟು ಬರೆಯಿರಿ. ಕೆಲಸ ಸಿಗುತ್ತದೆಯೇ ಎಂಬುದಕ್ಕಿಂತ, ಸಿಕ್ಕ ಮೇಲೆ ಬೆಳೆಯಲು ಸಾಧ್ಯವೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಬೆಟ್ಸ್‌ಡಾರ್ಫ್ ದಾರಿ

ತಂಗಿ, ನಿಮ್ಮ ತಂದೆಯವರ ಪ್ರಶ್ನೆ ಸರಿಯಾಗಿದೆ. ನಾನು ಇಲ್ಲಿ ಉಪಗ್ರಹಗಳೊಡನೆ ನೆಲದಿಂದ ಸಂಪರ್ಕ ಇಟ್ಟುಕೊಳ್ಳುವ ಭೂಕೇಂದ್ರಗಳ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಇಲ್ಲಿಯ ಉದ್ಯಮ ಏಕೆ ಹುಟ್ಟಿತು ಎಂಬುದು ತಿಳಿಯದೆ ಅದರಲ್ಲಿ ನಿಮಗೆ ಜಾಗ ಎಲ್ಲಿದೆ ಎಂಬುದು ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಲಕ್ಸೆಂಬರ್ಗ್ 2,586 ಚದರ ಕಿಲೋಮೀಟರಿನ ದೇಶ. ಜನಸಂಖ್ಯೆ ಏಳು ಲಕ್ಷವನ್ನೂ ಮುಟ್ಟಿಲ್ಲ. ಒಂದು ಕಾಲಕ್ಕೆ ಇಡೀ ದೇಶ ಉಕ್ಕಿನ ಮೇಲೆ ಬದುಕುತ್ತಿತ್ತು. 1970ರ ದಶಕದಲ್ಲಿ ಯುರೋಪಿನ ಉಕ್ಕು ಕುಸಿದಾಗ ಕುಲುಮೆಗಳು ಒಂದೊಂದಾಗಿ ಆರಿದವು. ನೀವು ಓದಲು ಬರುವ ವಿಶ್ವವಿದ್ಯಾಲಯದ ಬೆಲ್ವಾಲ್ ಆವರಣದಲ್ಲಿ ಹಳೆಯ ಊದು ಕುಲುಮೆಗಳು ಇಂದಿಗೂ ನಿಂತಿವೆ. ಉಕ್ಕಿನ ಬದಲು ಏನು ಎಂದು ಹುಡುಕುತ್ತಿದ್ದ ಸರ್ಕಾರಕ್ಕೆ ಕಂಡ ದಾರಿಗಳಲ್ಲಿ ಉಪಗ್ರಹವೂ ಒಂದು. ರೇಡಿಯೋ ಪ್ರಸಾರದಲ್ಲಿ ಈ ದೇಶಕ್ಕೆ ಮೊದಲೇ ಹೆಸರಿತ್ತು. ಆಕಾಶದಲ್ಲಿ ಉಪಗ್ರಹ ನಿಲ್ಲುವ ಕಕ್ಷಾಸ್ಥಾನ, ರೇಡಿಯೋ ಆವರ್ತಾಂಕಗಳ ಹಕ್ಕು ದೊಡ್ಡ ದೇಶಕ್ಕಿರುವಂತೆ ಚಿಕ್ಕ ದೇಶಕ್ಕೂ ಇದೆ. ಅದನ್ನೇ ಬಂಡವಾಳವಾಗಿಸಿ 1985ರಲ್ಲಿ ಎಸ್‌ಇಎಸ್ ಸಂಸ್ಥೆಯನ್ನು ಕಟ್ಟಿದರು. 1988ರ ಡಿಸೆಂಬರ್ 11ರಂದು ಮೊದಲ ಉಪಗ್ರಹ ಅಸ್ಟ್ರಾ-1ಎ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿತು. ಉಪಗ್ರಹ ಅಮೆರಿಕದ್ದು, ರಾಕೆಟ್ ಯುರೋಪಿನದ್ದು. ಅದನ್ನು ನಡೆಸುವವರು, ಅದರ ಚಾನೆಲ್‌ಗಳನ್ನು ಯುರೋಪಿನ ಮನೆಮನೆಗೆ ಮಾರುವವರು ಮಾತ್ರ ಲಕ್ಸೆಂಬರ್ಗಿನವರು. ಸಂಸ್ಥೆಯ ಕೇಂದ್ರ ಇರುವುದು ಬೆಟ್ಸ್‌ಡಾರ್ಫ್ ಎಂಬ ಹಳ್ಳಿಯ ಕೋಟೆಮನೆಯಲ್ಲಿ. ಹಿಂದೆ ರಾಜಮನೆತನದವರು ವಾಸವಿದ್ದ ಜಾಗ. ಸುತ್ತ ಹೊಲ, ನಡುವೆ ಸಾಲುಸಾಲು ಆಂಟೆನಾಗಳು.

ಈ ಹುಟ್ಟಿನ ಗುಣ ಇಂದಿಗೂ ಉಳಿದಿದೆ. ರಾಕೆಟ್ ಇಲ್ಲಿ ಯಾರೂ ಕಟ್ಟುವುದಿಲ್ಲ. ಉಪಗ್ರಹವನ್ನು ನಡೆಸುವುದು, ಅದರ ಮಾಹಿತಿಯನ್ನು ಸೇವೆಯಾಗಿ ಮಾರುವುದು, ಆವರ್ತಾಂಕ ಹಂಚಿಕೆ, ವಿಮೆ, ಕಾನೂನು, ಹಣಕಾಸು, ಚಿಕ್ಕ ಉಪಗ್ರಹಗಳು, ರೋಬೋಟ್ ಕೈಗಳು, ಹಗುರ ರಚನೆಗಳು, ಇತ್ತೀಚೆಗೆ ಚಂದ್ರನ ಸಂಪನ್ಮೂಲದ ಸಂಶೋಧನೆ, ಇವು ಇಲ್ಲಿಯ ಕಸುಬು. 2005ರಲ್ಲಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಸದಸ್ಯತ್ವ ಬಂತು. ಅಲ್ಲಿ ಒಂದು ನಿಯಮವಿದೆ: ಸದಸ್ಯ ದೇಶ ಹಾಕುವ ಹಣಕ್ಕೆ ಹೆಚ್ಚು ಕಡಿಮೆ ಸಮನಾದ ಗುತ್ತಿಗೆಗಳು ಆ ದೇಶದ ಸಂಸ್ಥೆಗಳಿಗೇ ಹಿಂದಿರುಗುತ್ತವೆ. ಇಲ್ಲಿಯ ಎಷ್ಟೋ ಚಿಕ್ಕ ಸಂಸ್ಥೆಗಳಲ್ಲಿ ಎಂಜಿನಿಯರ್‌ಗಳ ಸಂಬಳ ನಡೆಯುವುದು ಈ ನಿಯಮದಿಂದ. ದೇಶದ್ದೇ ಆದ ಬಾಹ್ಯಾಕಾಶ ಸಂಸ್ಥೆ ಬಂದದ್ದು 2018ರಲ್ಲಿ. ಅದರ ಗಮನವೆಲ್ಲ ಉದ್ಯಮವನ್ನು ಬೆಳೆಸುವುದರ ಮೇಲೆ. ಇಸ್ರೋದಂತೆ ತಾನೇ ಉಪಗ್ರಹ ಕಟ್ಟುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹುದ್ದೆಯ ಮೆಟ್ಟಿಲು ಹತ್ತುವುದೇ ಬೆಳವಣಿಗೆ ಎಂದುಕೊಂಡರೆ ಇಲ್ಲಿಗೆ ಬರಬೇಡಿ. ನಲವತ್ತು ಜನರ ಸಂಸ್ಥೆಯಲ್ಲಿ ಮೆಟ್ಟಿಲುಗಳೇ ಮೂರು. ಇಲ್ಲಿ ಮನುಷ್ಯ ಅಗಲಕ್ಕೆ ಬೆಳೆಯುತ್ತಾನೆ. ಪರೀಕ್ಷೆಗೆಂದು ಸೇರಿದವಳು ಆರು ತಿಂಗಳಲ್ಲಿ ಪರೀಕ್ಷಾ ಯೋಜನೆ ಬರೆಯುತ್ತಾಳೆ, ಪೂರೈಕೆದಾರರ ಜೊತೆ ಮಾತನಾಡುತ್ತಾಳೆ, ಉಡಾವಣೆಗೆ ಮುನ್ನ ಕಡತಕ್ಕೆ ಸಹಿ ಹಾಕುತ್ತಾಳೆ, ಉಪಗ್ರಹ ಮೇಲೇರಿದ ರಾತ್ರಿ ನಿಯಂತ್ರಣ ಕೊಠಡಿಯಲ್ಲಿ ಕುಳಿತಿರುತ್ತಾಳೆ. ಬೇರೆ ಯಾರೂ ಇರುವುದಿಲ್ಲವಾದ್ದರಿಂದ ಆ ಕೆಲಸ ಅವಳ ಪಾಲಿಗೆ ಬರುತ್ತದೆ. ನಿಮ್ಮ ಪೆಟ್ಟಿಗೆ ಕಕ್ಷೆಯಲ್ಲಿ ಏನಾಯಿತು ಎಂದು ತಿಳಿಯಬೇಕೆಂದಿರಲ್ಲ, ಇಲ್ಲಿ ಅದು ತಿಳಿದೇ ತಿಳಿಯುತ್ತದೆ.

ಭೂಸ್ಥಿರ

ಮಗಳೇ, ನಾನು ಹಾಸನದಲ್ಲೇ ಉಪಗ್ರಹ ನಿಯಂತ್ರಣದ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ: ಬೆಟ್ಸ್‌ಡಾರ್ಫ್‌ನಲ್ಲಿ ನಡೆಯುವ ಕೆಲಸ ಅವರ ಮನೆಯಿಂದ ಸ್ವಲ್ಪ ದೂರದಲ್ಲೇ 1982ರಿಂದ, ಇನ್ಸಾಟ್-1ಎ ಕಾಲದಿಂದ, ನಡೆದುಕೊಂಡು ಬಂದಿದೆ. ಹಾಸನದಿಂದಲೂ ಯಾವ ರಾಕೆಟ್ಟೂ ಹಾರುವುದಿಲ್ಲ. ಆದರೂ ದೇಶದ ದೂರದರ್ಶನ, ಹವಾಮಾನದ ಚಿತ್ರ, ದೂರವಾಣಿ, ಎಲ್ಲವೂ ನಮ್ಮ ಕೈ ಹಾದು ಹೋಗುತ್ತಿದ್ದವು.

ಈ ಕೆಲಸದಲ್ಲಿ ಕಲಿಯುವುದು ಏನಿದೆ ಎಂದು ಕೇಳುವವರಿಗೆ ಗ್ರಹಣ ಕಾಲದ ರಾತ್ರಿಗಳ ವಿಷಯ ಹೇಳುತ್ತೇನೆ. ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ವರ್ಷದ ಬಹುಪಾಲು ಸದಾ ಬಿಸಿಲಿನಲ್ಲಿರುತ್ತದೆ. ಹಗಲು ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವತ್ತಿನ ಆಸುಪಾಸಿನ ಸುಮಾರು ಒಂದೂವರೆ ತಿಂಗಳು ಮಾತ್ರ ಪ್ರತಿ ರಾತ್ರಿ ಭೂಮಿಯ ನೆರಳಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ದಿನ ಕೆಲವೇ ನಿಮಿಷ. ದಿನದಿಂದ ದಿನಕ್ಕೆ ಬೆಳೆದು ವಿಷುವತ್ತಿನ ಹೊತ್ತಿಗೆ 70 ನಿಮಿಷ ದಾಟುತ್ತದೆ. ಅಷ್ಟು ಹೊತ್ತೂ ಸೌರಫಲಕಗಳಿಂದ ವಿದ್ಯುತ್ ಇಲ್ಲ. ಎಲ್ಲವೂ ಬ್ಯಾಟರಿಯ ಮೇಲೆ. ಪರದೆಯ ಮೇಲೆ ಫಲಕದ ವಿದ್ಯುತ್ ಪ್ರವಾಹ ಸರ್ರನೆ ಸೊನ್ನೆಗೆ ಇಳಿಯುತ್ತದೆ, ಬ್ಯಾಟರಿಯ ವೋಲ್ಟೇಜ್ ನಿಧಾನವಾಗಿ ಜಾರುತ್ತದೆ, ಇಂಧನ ಕೊಳವೆಗಳ ಉಷ್ಣತೆ ಇಳಿಯದಂತೆ ಹೀಟರ್‌ಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಯಾವ ಕೋಶ ಕಳೆದ ವರ್ಷಕ್ಕಿಂತ ಬೇಗ ಬಳಲುತ್ತಿದೆ ಎಂಬುದನ್ನು ಆ ಒಂದು ಗಂಟೆಯಲ್ಲಿ ಕಂಡುಹಿಡಿಯಬೇಕು. ಅದನ್ನು ಕಂಡವನಿಗೆ ಉಪಗ್ರಹದ ಆಯುಷ್ಯ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಕಟ್ಟಿ ಕಳುಹಿಸುವವರಿಗೆ ಈ ತಿಳಿವಳಿಕೆ ಸುಲಭಕ್ಕೆ ಸಿಗುವುದಿಲ್ಲ.

ಪೂರ್ವ ರೇಖಾಂಶ 19.2 ಡಿಗ್ರಿಯಲ್ಲಿ ಎಸ್‌ಇಎಸ್ ಹಲವು ಅಸ್ಟ್ರಾ ಉಪಗ್ರಹಗಳನ್ನು ಒಂದೇ ಕಕ್ಷಾಸ್ಥಾನದಲ್ಲಿ, ಒಂದಕ್ಕೊಂದು ತಾಗದಂತೆ, ದಶಕಗಟ್ಟಲೆ ನಿಲ್ಲಿಸಿಕೊಂಡು ಬಂದಿದೆ. ಆ ಲೆಕ್ಕಾಚಾರವನ್ನು ನಾನು ಗೌರವದಿಂದ ನೋಡುತ್ತೇನೆ. ಚಿಕ್ಕ ದೇಶ ಎಂದು ಕಡೆಗಣಿಸುವ ವಿದ್ಯೆ ಅದಲ್ಲ. ಧೈರ್ಯವಾಗಿ ಹೋಗು.

ಪೀಣ್ಯ ಯಂತ್ರಶಾಲೆ

ಹಿರಿಯರ ಮಾತಿಗೆ ನಮಸ್ಕಾರ. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ನಾನು ಮೂವತ್ತು ಜನರ ಯಂತ್ರಶಾಲೆ ನಡೆಸುತ್ತೇನೆ. ಉಪಗ್ರಹದ ಬ್ರಾಕೆಟ್, ಹಿಡಿಕೆ, ಜೋಡಣೆಯ ಫಿಕ್ಸ್ಚರ್‌ಗಳನ್ನು ಮಾಡಿಕೊಡುತ್ತೇವೆ. ಚಿಕ್ಕ ಮಾರುಕಟ್ಟೆಯನ್ನು ನಂಬಿ ಬಂಡವಾಳ ಹೂಡುವುದು ಏನೆಂದು ನನಗೆ ಗೊತ್ತು.

ಲಕ್ಸೆಂಬರ್ಗಿನ ಕಥೆಯಲ್ಲಿ ಮುಳುಗಿದವರೂ ಇದ್ದಾರೆ. 2016ರಲ್ಲಿ ಅಲ್ಲಿಯ ಸರ್ಕಾರ ಕ್ಷುದ್ರಗ್ರಹಗಳಿಂದ ಖನಿಜ ತೆಗೆಯುತ್ತೇವೆ ಎಂದ ಅಮೆರಿಕದ ಪ್ಲಾನೆಟರಿ ರಿಸೋರ್ಸಸ್‌ಗೆ 2.5 ಕೋಟಿ ಯೂರೋಗಳ ನೆರವು ಘೋಷಿಸಿ ಪಾಲುದಾರನಾಯಿತು. ಎರಡೇ ವರ್ಷದಲ್ಲಿ ಆ ಕಂಪನಿಯನ್ನು ಬ್ಲಾಕ್‌ಚೈನ್ ಸಂಸ್ಥೆಯೊಂದು ಕೊಂಡುಕೊಂಡಿತು. ಹಾಕಿದ ಪಾಲು ಬಂಡವಾಳ ಹೋಯಿತು. ಅಲ್ಲಿಯದೇ ಆದ ಕ್ಲಿಯೋಸ್ ಸ್ಪೇಸ್‌ ಸಂಸ್ಥೆಯ ವಿಷಯ ನಮಗೆ ಇನ್ನೂ ಹತ್ತಿರದ್ದು. 2020ರ ನವೆಂಬರ್ 7ರಂದು ನಮ್ಮ ಪಿಎಸ್‌ಎಲ್‌ವಿ-ಸಿ49 ಶ್ರೀಹರಿಕೋಟಾದಿಂದ ಅವರ ನಾಲ್ಕು ಉಪಗ್ರಹಗಳನ್ನು ಒಯ್ದಿತ್ತು. 2023ರಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೊರದೇಶದ ಎಂಜಿನಿಯರ್‌ಗಳ ವೀಸಾ ಏನಾಗಿರಬೇಕು, ಯೋಚಿಸಿ.

ಈಗ ಬೆಂಗಳೂರನ್ನು ನೋಡಿ. 2020ರಲ್ಲಿ ಖಾಸಗಿ ಬಾಹ್ಯಾಕಾಶ ಸಂಸ್ಥೆಗಳಿಗೆ ಅನುಮತಿ ಕೊಡುವ ಇನ್-ಸ್ಪೇಸ್ ಬಂತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. ಪಿಕ್ಸೆಲ್, ದಿಗಂತರ, ಬೆಲ್ಲಾಟ್ರಿಕ್ಸ್ ಎಂಬ ಖಾಸಗಿ ಬಾಹ್ಯಾಕಾಶ ಸಂಸ್ಥೆಗಳೆಲ್ಲ ಇದೇ ಊರಿನವು. 2025ರ ಜನವರಿಯಲ್ಲಿ ಲಕ್ಸೆಂಬರ್ಗಿನಲ್ಲಿ ಕಟ್ಟಿದ, ಚಂದ್ರನ ಮೇಲೆ ಓಡಬೇಕಿದ್ದ ರೋವರ್ ಹೊತ್ತ ಫಾಲ್ಕನ್ ರಾಕೆಟ್ ಹಾರುವ ಕೆಲವೇ ಗಂಟೆ ಮೊದಲು, ಅಮೆರಿಕದ ಇನ್ನೊಂದು ತುದಿಯಿಂದ, ಪಿಕ್ಸೆಲ್‌ನ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳೂ ಹಾರಿದ್ದವು. ಉದ್ಯಮ ಕಣ್ಣೆದುರಿಗೇ ಬೆಳೆಯುತ್ತಿರುವಾಗ ಅನುಭವವಿರುವ ಪರೀಕ್ಷಾ ಎಂಜಿನಿಯರ್‌ಗಳು ಹೊರಟು ಹೋದರೆ ನಮಗೆ ಕೈ ಮುರಿದಂತೆ. ತಂಗಿಯ ಮೇಲೆ ಕೋಪದಿಂದ ಬರೆಯುತ್ತಿಲ್ಲ. ಇಲ್ಲಿ ನಿಮ್ಮಂಥವರ ಅಗತ್ಯವಿದೆ ಎಂದು ಹೇಳಬೇಕೆನಿಸಿತು.

ಬೆಟ್ಸ್‌ಡಾರ್ಫ್ ದಾರಿ

ಯಂತ್ರಶಾಲೆಯವರು ಹೇಳಿದ ಎರಡೂ ಸಂಗತಿಗಳು ನಿಜ. ಮೂರನೆಯದನ್ನು ನಾನೇ ಸೇರಿಸುತ್ತೇನೆ. ನೀವು ಹೇಳಿದ ಆ ರೋವರ್‌ನ ಹೆಸರು ಟೆನೇಷಿಯಸ್. ಜಪಾನಿನ ಐಸ್ಪೇಸ್‌ನ ಯುರೋಪ್ ಶಾಖೆ ಅದನ್ನು ಇಲ್ಲೇ ಕಟ್ಟಿತು. ತೂಕ ಸುಮಾರು 5 ಕಿಲೋ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. 2025ರ ಜೂನ್ 5ರಂದು ಅದನ್ನು ಹೊತ್ತ ರೆಸಿಲಿಯೆನ್ಸ್ ನೌಕೆ ಚಂದ್ರನ ನೆಲಕ್ಕೆ ಅಪ್ಪಳಿಸಿತು. ನೆಲದ ದೂರ ಅಳೆಯುವ ಲೇಸರ್ ಉಪಕರಣ ತಡವಾಗಿ ಅಳತೆ ಕೊಟ್ಟಿತ್ತು, ನೌಕೆಯ ವೇಗ ಸಾಕಷ್ಟು ತಗ್ಗಿರಲಿಲ್ಲ. ರೋವರ್ ಒಂದು ಗೇಣೂ ಚಲಿಸಲಿಲ್ಲ. ವರ್ಷಗಟ್ಟಲೆ ಅದರ ಗಾಲಿ, ಕ್ಯಾಮೆರಾ, ಮಣ್ಣು ಎತ್ತುವ ಸಲಿಕೆಯ ಹಿಂದೆ ಬಿದ್ದಿದ್ದ ಯುವಕ ಯುವತಿಯರು ಈ ಊರಿನಲ್ಲಿ ನಮ್ಮ ಜೊತೆಯೇ ಬಸ್ಸಿನಲ್ಲಿ ಓಡಾಡುವವರು. ಆ ವಾರ ಅವರ ಮುಖ ನೋಡುವುದು ಕಷ್ಟವಾಗಿತ್ತು.

ಹಾಗಿದ್ದೂ ನಾನು ಇಲ್ಲಿ ಉಳಿದಿರುವುದಕ್ಕೆ ಕಾರಣವಿದೆ. ಇಲ್ಲಿ ಸಂಸ್ಥೆ ಮುಚ್ಚುತ್ತದೆ, ಆದರೆ ಜನ ಚದುರುವುದಿಲ್ಲ. ಸುಮಾರು ಎಂಬತ್ತು ಸಂಸ್ಥೆ ಮತ್ತು ಪ್ರಯೋಗಾಲಯಗಳು ಒಂದು ಗಂಟೆಯ ಪ್ರಯಾಣದೊಳಗೆ ಇವೆ. ಎಲ್ಲರೂ ಎಲ್ಲರ ಕೆಲಸವನ್ನು ಬಲ್ಲರು. ಮುಚ್ಚಿದ ಸಂಸ್ಥೆಯ ರೇಡಿಯೋ ಎಂಜಿನಿಯರ್ ಪಕ್ಕದ ಬೀದಿಯ ಸಂಸ್ಥೆಯಲ್ಲಿ ಸೇರಿಕೊಂಡದ್ದನ್ನು ಬಹಳ ಸಲ ಕಂಡಿದ್ದೇನೆ. ಇದಕ್ಕೆ ಇನ್ನೊಂದು ಮುಖವೂ ಉಂಟು. ಕೆಲಸ ಕೆಡಿಸಿದವನ ಹೆಸರೂ ಅಷ್ಟೇ ಬೇಗ ಹರಡುತ್ತದೆ. ಒಬ್ಬ ಮೇಲಧಿಕಾರಿಯೊಡನೆ ಮುರಿದುಕೊಂಡರೆ ಹತ್ತು ಬಾಗಿಲು ಒಟ್ಟಿಗೇ ಮುಚ್ಚಿದ ಅನುಭವವಾಗುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಬಡ್ತಿಯ ಮಾತು ವರ್ಷವರ್ಷವೂ ಮುಂದಕ್ಕೆ ಹೋಗುತ್ತಿತ್ತು. ಬಿಟ್ಟು ಬರುವಾಗ ಯಾರ ಮೇಲೂ ಒಂದು ಕಟು ಮಾತಾಡಲಿಲ್ಲ. ಅದೇ ಸಂಸ್ಥೆಯವರು ಮುಂದೆ ನನಗೆ ಗ್ರಾಹಕರಾಗಿ ಬಂದರು.

ವೀಸಾ ವಿಷಯ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂಬತ್ತು ತಿಂಗಳ ವಾಸದ ಅನುಮತಿ ಸಿಗುತ್ತದೆ. ಆಮೇಲೆ ಹೊರದೇಶದ ನುರಿತ ಕೆಲಸಗಾರರಿಗೆ ಸಿಗುವ ಯುರೋಪ್ ಒಕ್ಕೂಟದ ಬ್ಲೂ ಕಾರ್ಡ್ ಇತ್ಯಾದಿ ದಾರಿಗಳಿವೆ. ಯಂತ್ರಶಾಲೆಯವರ ಎಚ್ಚರಿಕೆ ಇಲ್ಲಿ ತುಂಬಾ ಮುಖ್ಯ. ಮೊದಲ ಕೆಲಸಕ್ಕೆ ಸಂಸ್ಥೆ ಆರಿಸುವಾಗ ಅದರ ಹಣ ಎಲ್ಲಿಂದ ಬರುತ್ತಿದೆ ಎಂದು ನೇರವಾಗಿ ಕೇಳಿ. ಹೂಡಿಕೆದಾರರ ಹಣವೇ, ಇಎಸ್‌ಎ ಗುತ್ತಿಗೆಯೇ, ಹಣ ಕೊಡುವ ಗ್ರಾಹಕರು ಇದ್ದಾರೆಯೇ? ಸಂದರ್ಶನದಲ್ಲಿ ಇದನ್ನು ಕೇಳುವುದು ಅವಿನಯವಲ್ಲ. ಕೇಳಿದವರನ್ನು ಇಲ್ಲಿ ಮೆಚ್ಚುತ್ತಾರೆ.

ಕಡತ ಮತ್ತು ಕಾನೂನು

ನಾನು ವಕೀಲೆ, ಬೆಂಗಳೂರಿನಲ್ಲಿ ಓದಿ ಈಗ ಯುರೋಪಿನಲ್ಲಿದ್ದೇನೆ. ಇಲ್ಲಿ ಎಲ್ಲರೂ ಎಂಜಿನಿಯರ್‌ಗಳ ಬಗ್ಗೆಯೇ ಬರೆಯುತ್ತಿದ್ದೀರಿ. ಲಕ್ಸೆಂಬರ್ಗಿನ ವಿಶೇಷ ಇರುವುದೇ ಎಂಜಿನಿಯರ್ ಅಲ್ಲದವರಿಗೆ ಅಲ್ಲಿ ಸಿಗುವ ಜಾಗದಲ್ಲಿ.

2017ರ ಜುಲೈ 20ರ ಅಲ್ಲಿಯ ಕಾಯ್ದೆ ಬಾಹ್ಯಾಕಾಶದ ಸಂಪನ್ಮೂಲಗಳನ್ನು ಸ್ವಂತ ಮಾಡಿಕೊಳ್ಳಬಹುದು ಎಂದು ಮೊದಲ ವಿಧಿಯಲ್ಲೇ ಹೇಳುತ್ತದೆ. ಅಮೆರಿಕ 2015ರಲ್ಲಿ ಇಂಥದ್ದೊಂದು ಕಾಯ್ದೆ ಮಾಡಿತ್ತು. ಯುರೋಪಿನಲ್ಲಿ ಮೊದಲನೆಯದು ಇದು. 1967ರ ಬಾಹ್ಯಾಕಾಶ ಒಪ್ಪಂದ ಆಕಾಶಕಾಯಗಳ ಮೇಲೆ ಯಾವ ದೇಶವೂ ಒಡೆತನ ಸಾಧಿಸುವಂತಿಲ್ಲ ಎನ್ನುತ್ತದೆ. ಅಗೆದು ತೆಗೆದ ಮಣ್ಣಿನ ಒಡೆತನ ಯಾರದು ಎಂಬ ವಿಷಯದಲ್ಲಿ ಪಂಡಿತರ ನಡುವೆ ಇನ್ನೂ ವಾದವಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಷ್ಟು ದೊಡ್ಡ ವಿಷಯವನ್ನು ಒಂದೊಂದು ದೇಶ ತಾನೇ ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಕಾಯ್ದೆ ಬಂದದ್ದರಿಂದ ಕೆಲಸಗಳು ಬಂದವು ಎಂಬುದನ್ನು ಅಲ್ಲಗಳೆಯಲಾರೆ. ಮಿಷನ್‌ಗೆ ಅನುಮತಿ ಬೇಕು, ಅನುಮತಿಗೆ ಅರ್ಜಿ ಬೇಕು, ಅರ್ಜಿಗೆ ಅಪಾಯದ ಅಂದಾಜು, ವಿಮೆ, ಹಣಕಾಸಿನ ಪುರಾವೆ ಎಲ್ಲ ಬೇಕು. ಟೆನೇಷಿಯಸ್ ಕೂಡ ಈ ಕಾಯ್ದೆಯ ಅನುಮತಿ ಪಡೆದೇ ಹೊರಟಿತ್ತು. 2020ರ ಡಿಸೆಂಬರಿನಲ್ಲಿ ಇನ್ನೊಂದು ಕಾಯ್ದೆ ಬಂದು ಉಪಗ್ರಹಗಳ ನೋಂದಣಿ, ಮೇಲ್ವಿಚಾರಣೆ, ಹೊಣೆಗಾರಿಕೆಗಳನ್ನು ಸೇರಿಸಿತು. ಇದನ್ನೆಲ್ಲ ಬಲ್ಲ ಜನ ಪ್ರಪಂಚದಲ್ಲೇ ಕಡಿಮೆ. ನಮ್ಮಲ್ಲೂ ಖಾಸಗಿ ಸಂಸ್ಥೆಗಳು ಹೆಚ್ಚುತ್ತಿರುವುದರಿಂದ ಈ ಅನುಭವ ಹೊತ್ತು ಬೆಂಗಳೂರಿಗೆ ಬಂದವರಿಗೆ ಕೆಲಸದ ಕೊರತೆಯಾಗಲಾರದು.

ಹೇಮಾವತಿ ತೀರ ಅವರೇ, ಆ ಸ್ನಾತಕೋತ್ತರ ಪದವಿಯಲ್ಲಿ ತಂತ್ರಜ್ಞಾನದ ಜೊತೆ ವ್ಯವಹಾರದ ವಿಷಯಗಳೂ ಇವೆ. ದಯವಿಟ್ಟು ಅವನ್ನು ಕಾಟಾಚಾರಕ್ಕೆ ಓದಬೇಡಿ.

ಹೇಮಾವತಿ ತೀರ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಭೂಸ್ಥಿರ ಅವರ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಮಾತಾಡಲಿಲ್ಲ, ಆದರೆ ಇನ್ನೊಮ್ಮೆ ಓದು ಎಂದರು.

ಇನ್ನೆರಡು ಅನುಮಾನಗಳಿವೆ. ಭಾರತೀಯ ಪೌರತ್ವ ಇರುವವರಿಗೆ ಯಾವ ಕೆಲಸಗಳು ಸಿಗುವುದಿಲ್ಲ? ಮತ್ತು ಫ್ರೆಂಚ್ ಬಾರದೆ ನಡೆಯುತ್ತದೆಯೇ?

ಬೆಟ್ಸ್‌ಡಾರ್ಫ್ ದಾರಿ

ಪೌರತ್ವದ ವಿಷಯದಲ್ಲಿ ಯಾರೂ ಮೊದಲೇ ಸ್ಪಷ್ಟವಾಗಿ ಹೇಳುವುದಿಲ್ಲ. ಹಾಗಾಗಿ ಗಮನವಿಟ್ಟು ಓದಿ. ಇಎಸ್‌ಎಯ ಖಾಯಂ ಹುದ್ದೆಗಳು, ಅದರ ತರಬೇತಿ ಸ್ಥಾನಗಳು ಸದಸ್ಯ ದೇಶಗಳ, ಅದರೊಡನೆ ಒಪ್ಪಂದವಿರುವ ಕೆಲವು ದೇಶಗಳ ಪೌರರಿಗೆ ಮಾತ್ರ. ಸಹಪಾಠಿಗಳು ಅಲ್ಲಿಗೆ ಅರ್ಜಿ ಹಾಕುವಾಗ ನೀವು ಸುಮ್ಮನೆ ನೋಡಬೇಕಾಗುತ್ತದೆ. ಆಗ ಬೇಸರಪಡಬೇಡಿ. ಸೇನೆಗೆ, ಸರ್ಕಾರಕ್ಕೆ ಸಂವಹನ ಒದಗಿಸುವ ಗವ್‌ಸ್ಯಾಟ್‌ನಂಥ ಕಡೆ ಭದ್ರತಾ ಪರಿಶೀಲನೆ ಇರುತ್ತದೆ. ಅಮೆರಿಕದ ನಿಯಂತ್ರಿತ ತಂತ್ರಜ್ಞಾನ ಬಳಸುವ ಯೋಜನೆಗಳಲ್ಲಿ ನಿಮ್ಮ ಪೌರತ್ವ ನೋಡಿ ಪ್ರತ್ಯೇಕ ಅನುಮತಿ ತೆಗೆಯಬೇಕಾಗುತ್ತದೆ. ಕೆಲವು ಸಂಸ್ಥೆಗಳು ಆ ತೊಂದರೆ ಬೇಡವೆಂದು ಅರ್ಜಿಯನ್ನೇ ಪಕ್ಕಕ್ಕಿಡುತ್ತವೆ. ಇಷ್ಟು ಬಿಟ್ಟರೆ ವಾಣಿಜ್ಯ ಉಪಗ್ರಹ ಸೇವೆ, ಭೂಕೇಂದ್ರ, ಸಾಫ್ಟ್‌ವೇರ್, ರೋಬೋಟಿಕ್ಸ್, ವಿಶ್ವವಿದ್ಯಾಲಯದ ಸಂಶೋಧನೆ, ಇವೆಲ್ಲ ತೆರೆದಿವೆ. ದೇಶದ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ವಿದೇಶಿ ಪೌರರು. ಕಚೇರಿಯಲ್ಲಿ ನೀವು ಹೊರಗಿನವಳು ಎಂಬ ಭಾವನೆ ಬರುವುದು ಕಡಿಮೆ.

ಭಾಷೆಯ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇಲ್ಲಿದ್ದಾರೆ.

ಶಿರಸಿಯಿಂದ ಟ್ರಿಯರ್‌ಗೆ

ನನ್ನನ್ನೇ ಕರೆದಿರಿ ಎಂದುಕೊಂಡು ಬರೆಯುತ್ತಿದ್ದೇನೆ ಅಕ್ಕ. ನನ್ನ ಯಜಮಾನರು ಲಕ್ಸೆಂಬರ್ಗಿನ ಉಪಗ್ರಹ ಮಾಹಿತಿಯ ಸಂಸ್ಥೆಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾವು ವಾಸ ಇರುವುದು ಗಡಿಯಾಚೆ, ಜರ್ಮನಿಯ ಟ್ರಿಯರ್‌ನಲ್ಲಿ. ರಾಜಧಾನಿಯಲ್ಲಿ ಮನೆ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತ್ತು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ದಿನಾ ಎರಡು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ, ಅವರಲ್ಲಿ ನಮ್ಮ ಯಜಮಾನರೂ ಒಬ್ಬರು. 2020ರ ಮಾರ್ಚ್‌ನಿಂದ ದೇಶದೊಳಗೆ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಗಡಿಯಾಚೆಯ ಭಾಗಕ್ಕೆ ಮಾತ್ರ ಟಿಕೆಟ್ ಬೇಕು. ಆದರೆ ಇದು ಆಮೇಲಿನ ಮಾತು. ವಾಸದ ಅನುಮತಿ ಆಯಾ ದೇಶದ್ದು, ಲಕ್ಸೆಂಬರ್ಗಿನ ಕಾಗದ ಇಟ್ಟುಕೊಂಡು ಜರ್ಮನಿಯಲ್ಲಿ ಮನೆ ಮಾಡಲಾಗದು. ಮೊದಲ ವರ್ಷಗಳಲ್ಲಿ ಲಕ್ಸೆಂಬರ್ಗಿನೊಳಗೇ ಇರಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಕಚೇರಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕಷ್ಟ ಶುರುವಾಗುವುದು ಕಚೇರಿ ಬಿಟ್ಟ ಮೇಲೆ. ಅಂಗಡಿಯಲ್ಲಿ ಫ್ರೆಂಚ್, ಮಕ್ಕಳಿಗೆ ಶಾಲೆಯಲ್ಲಿ ಮೊದಲು ಲಕ್ಸೆಂಬರ್ಗಿಷ್, ಓದು ಬರಹ ಕಲಿಯುವುದು ಬಹುಪಾಲು ಜರ್ಮನ್‌ನಲ್ಲಿ, ಮುಂದೆ ಫ್ರೆಂಚ್. ಸರ್ಕಾರಿ ಕಾಗದಗಳು ಫ್ರೆಂಚ್‌ನಲ್ಲಿ ಬರುತ್ತವೆ. ಪೌರತ್ವ ಬೇಕೆಂದರೆ ಲಕ್ಸೆಂಬರ್ಗಿಷ್ ಪರೀಕ್ಷೆ ಪಾಸಾಗಬೇಕು. ನನ್ನ ಮಾತು ಕೇಳುವುದಾದರೆ ಬರುವ ಮೊದಲೇ ಫ್ರೆಂಚ್ ಶುರು ಮಾಡಿ. ಭಾಷೆ ಬಾರದವರು ಭಾರತೀಯರ ಗುಂಪಿನೊಳಗೇ ಉಳಿದು, ಐದು ವರ್ಷದ ಮೇಲೂ ಊರಿನ ಪರಿಚಯವಿಲ್ಲದೆ ಇರುವುದನ್ನು ಕಂಡಿದ್ದೇನೆ. ಬಡ್ತಿಯ ವಿಷಯದಲ್ಲೂ ಇದು ತಟ್ಟುತ್ತದೆ. ಸಚಿವಾಲಯದ ಜೊತೆ, ಊರಿನ ಉದ್ಯಮದವರ ಜೊತೆ ಮಾತನಾಡುವ ಹುದ್ದೆಗಳು ಭಾಷೆ ಬಲ್ಲವರಿಗೇ ಹೋಗುತ್ತವೆ.

ಚಳಿಗಾಲದ ಬಗ್ಗೆ ಒಂದೇ ಮಾತು: ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ಕಾಣುವ ದಿನಗಳು ಕಡಿಮೆ. ಮಲೆನಾಡಿನ ಮಳೆಗಾಲ ಕಂಡ ನನಗೂ ಮೊದಲ ವರ್ಷ ಮಂಕು ಕವಿದಿತ್ತು.

ಹವ್ಯಾಸಿ ರೇಡಿಯೋ

ಯಾರೂ ಹೇಳದ ಒಂದು ಕೊಂಡಿ ಇದೆ. ಲಕ್ಸೆಂಬರ್ಗಿನಲ್ಲೇ ಕಟ್ಟಿದ ಮೊದಲ ಚಿಕ್ಕ ಉಪಗ್ರಹ ವೆಸೆಲ್‌ಸ್ಯಾಟ್-1. ಲಕ್ಸ್‌ಸ್ಪೇಸ್ ಸಂಸ್ಥೆ ಮಾಡಿದ್ದು. ಸಮುದ್ರದಲ್ಲಿರುವ ಹಡಗುಗಳ ಗುರುತಿನ ಸಂಕೇತಗಳನ್ನು ಹಿಡಿಯುವ ಕೆಲಸ ಅದರದು. ಅದನ್ನು ಕಕ್ಷೆಗೆ ಒಯ್ದದ್ದು ನಮ್ಮ ಪಿಎಸ್‌ಎಲ್‌ವಿ-ಸಿ18, 2011ರ ಅಕ್ಟೋಬರ್ 12ರಂದು, ಮೇಘಾ-ಟ್ರೋಪಿಕ್ಸ್ ಉಪಗ್ರಹದ ಜೊತೆಯಲ್ಲಿ. ಅದೇ ಸಂಸ್ಥೆ 2014ರಲ್ಲಿ ಚೀನಾದ ರಾಕೆಟ್ಟಿಗೆ ಒಂದು ಪುಟ್ಟ ಉಪಕರಣ ಅಂಟಿಸಿ ಚಂದ್ರನನ್ನು ಸುತ್ತಿ ಬರುವಂತೆ ಮಾಡಿತು. ಅದರ ಸಂಕೇತವನ್ನು ಪ್ರಪಂಚದ ನಾನಾ ಕಡೆ ನಮ್ಮಂಥ ಹವ್ಯಾಸಿಗಳು ಆಲಿಸಿದರು. ಕೆಲವೇ ಜನ ಸೇರಿ ಇಷ್ಟು ಮಾಡಬಹುದು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ರೇಡಿಯೋ ಪರವಾನಗಿ ಪರೀಕ್ಷೆ ಬರೆಯಿರಿ. ಸ್ವಂತ ಆಂಟೆನಾ ಕಟ್ಟಿ ಉಪಗ್ರಹದ ಸಂಕೇತ ಹಿಡಿದ ಅನುಭವಕ್ಕೆ ಸಂದರ್ಶನದಲ್ಲಿ ಬೆಲೆಯಿದೆ.

ಹೇಮಾವತಿ ತೀರ

ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ. ಅಪ್ಪ ಪೂರ್ತಿ ಒಪ್ಪಿಲ್ಲ, ಬೇಡವೆಂದೂ ಹೇಳುತ್ತಿಲ್ಲ. ಸೀಟು ಸಿಕ್ಕಿ ಹೊರಡುವವರೆಗೆ ಈಗಿರುವ ಕೆಲಸದಲ್ಲೇ ಏನು ಮಾಡಿಕೊಂಡರೆ ಒಳ್ಳೆಯದು ಅಕ್ಕ?

ಬೆಟ್ಸ್‌ಡಾರ್ಫ್ ದಾರಿ

ಬಹಳ ಸಂತೋಷ. ನಿಮ್ಮ ಕೈಯಲ್ಲಿರುವುದೇ ದೊಡ್ಡ ಆಸ್ತಿ, ಅದನ್ನು ಹರಿತ ಮಾಡಿಕೊಳ್ಳಿ. ಯುರೋಪಿನಲ್ಲಿ ಉಪಗ್ರಹದ ಪ್ರತಿ ಕೆಲಸವೂ ಇಸಿಎಸ್‌ಎಸ್ ಎಂಬ ಮಾನದಂಡಗಳ ಪ್ರಕಾರ ನಡೆಯುತ್ತದೆ. ಹೆಸರು ನೋಂದಾಯಿಸಿದರೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಪರೀಕ್ಷೆಗೆ ಸಂಬಂಧಿಸಿದ ಭಾಗವನ್ನು ತೆಗೆದುಕೊಂಡು, ನೀವು ಈಗ ಮಾಡುವ ಕಂಪನ ಪರೀಕ್ಷೆಯ ವಿಧಾನ ಅದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸಂಸ್ಥೆಯ ಗುಟ್ಟಿನ ಅಂಕಿಗಳನ್ನು ಮಾತ್ರ ಎಲ್ಲೂ ಬರೆಯಬೇಡಿ. ಉಪಗ್ರಹ ಮತ್ತು ಭೂಕೇಂದ್ರಗಳ ನಡುವೆ ಮಾಹಿತಿ ಹೇಗೆ ಕಟ್ಟುಕಟ್ಟಾಗಿ ಬರುತ್ತದೆ ಎಂಬುದಕ್ಕೆ ಸಿಸಿಎಸ್‌ಡಿಎಸ್ ಮಾನದಂಡಗಳಿವೆ, ಇಸ್ರೋ ಕೂಡ ಅದರಲ್ಲಿ ವೀಕ್ಷಕ ಸಂಸ್ಥೆ. ಅವನ್ನು ಓದಿ, ಪೈಥಾನ್‌ನಲ್ಲಿ ಒಂದು ಪ್ಯಾಕೆಟ್ ಬಿಡಿಸುವ ಚಿಕ್ಕ ಪ್ರೋಗ್ರಾಂ ಬರೆಯಿರಿ. ಪರೀಕ್ಷೆ ಬಲ್ಲವರು ತುಂಬಾ ಮಂದಿ, ಕಕ್ಷೆಯಿಂದ ಬಂದ ಮಾಹಿತಿ ಓದಬಲ್ಲವರೂ ತುಂಬಾ ಮಂದಿ. ಎರಡನ್ನೂ ಬಲ್ಲವರನ್ನು ನಾವು ಇಲ್ಲಿ ಹುಡುಕುತ್ತಲೇ ಇರುತ್ತೇವೆ.

ಯಂತ್ರಶಾಲೆಯವರ ಮಾತನ್ನೂ ಮರೆಯಬೇಡಿ. ಐದಾರು ವರ್ಷದ ಮೇಲೆ ಬೆಂಗಳೂರಿಗೆ ಹಿಂದಿರುಗುವುದಾದರೆ ಅದು ಸೋಲಲ್ಲ. ಆಗ ಅಲ್ಲಿ ನಿಮಗೆ ಸಿಗುವ ಕೆಲಸ ಈಗ ಸಿಗುವುದಕ್ಕಿಂತ ಬೇರೆಯೇ ಇರುತ್ತದೆ.

ಪೀಣ್ಯ ಯಂತ್ರಶಾಲೆ

ತಂಗಿಗೆ ಶುಭವಾಗಲಿ. ಹಿಂದಿರುಗಿದಾಗ ನಮ್ಮ ಯಂತ್ರಶಾಲೆಗೊಮ್ಮೆ ಬನ್ನಿ.

ನನ್ನದೂ ಒಂದು ಪ್ರಶ್ನೆ ಮೇಡಂ. ಅಲ್ಲಿಯ ಸಂಸ್ಥೆಗಳು ಉಪಗ್ರಹವನ್ನು ಎತ್ತಿ ತಿರುಗಿಸಲು, ಸಾಗಿಸಲು ಬಳಸುವ ನೆಲದ ಉಪಕರಣಗಳನ್ನು ಹೊರಗಿನಿಂದ ಕೊಳ್ಳುತ್ತವೆಯೇ? ನಾವು ಅಂಥದ್ದನ್ನು ಮಾಡುತ್ತೇವೆ.

ಬೆಟ್ಸ್‌ಡಾರ್ಫ್ ದಾರಿ

ಇಲ್ಲಿ ಗ್ರಾಡೆಲ್ ಎಂಬ ಸಂಸ್ಥೆ ಅದೇ ಕೆಲಸದಲ್ಲಿ ಹೆಸರು ಮಾಡಿದೆ, ಹಾಗಾಗಿ ಸ್ಪರ್ಧೆಯಿದೆ. ಇಎಸ್‌ಎ ಹಣದ ಯೋಜನೆಗಳಲ್ಲಿ ಖರೀದಿ ಬಹುಪಾಲು ಸದಸ್ಯ ದೇಶಗಳೊಳಗೇ ಆಗುತ್ತದೆ, ಅಲ್ಲಿ ಪ್ರಯತ್ನಿಸಿ ಸಮಯ ಕಳೆಯಬೇಡಿ. ಖಾಸಗಿ ಹಣದಲ್ಲಿ ನಡೆಯುವ ಚಿಕ್ಕ ಉಪಗ್ರಹದ ಸಂಸ್ಥೆಗಳಿಗೆ ಆ ಕಟ್ಟು ಇಲ್ಲ. ಅವರು ಮೊದಲು ಕೇಳುವುದು ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದ ಗುಣಮಟ್ಟಕ್ಕೆ ಸಂಬಂಧಿಸಿದ ಎಎಸ್9100 ಪ್ರಮಾಣಪತ್ರ, ಎತ್ತುವ ಸಾಧನದ ಭಾರ ಪರೀಕ್ಷೆಯ ದಾಖಲೆ, ಲೋಹದ ಮೂಲದ ದಾಖಲೆ. ನಿಮ್ಮ ಉಪಕರಣ ಭಾರತದ ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯೊಳಗೆ ಬರುತ್ತದೆಯೇ ಎಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ನಕ್ಷೆ ಮತ್ತು ಭಾರ ಪರೀಕ್ಷೆಯ ಒಂದು ಮಾದರಿ ವರದಿ ಸಿದ್ಧವಿದ್ದರೆ ಇಲ್ಲಿಗೇ ಬರೆಯಿರಿ. ಯಾರ ಜೊತೆ ಮಾತನಾಡಬೇಕು ಎಂದು ಹೇಳುತ್ತೇನೆ.